ಸೂಪರ್‌ಮ್ಯಾನ್ ವಾರ್ಷಿಕೋತ್ಸವ ಏಪ್ರಿಲ್ 18ಕ್ಕೋ, ಜೂನ್‌ಗೋ? ಅಂದು ಹಳೆಯ ಸಂಚಿಕೆಗಳನ್ನು ಪ್ರದರ್ಶನಕ್ಕೆ ಇಡಬಹುದೇ?

ಏಪ್ರಿಲ್ 18. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಮೇಲೆ ಜೂನ್ 1938 ಎಂದು ಅಚ್ಚಾಗಿದ್ದರೂ ಅದು ಅಮೆರಿಕದ ಅಂಗಡಿಗಳಿಗೆ ಬಂದದ್ದು ಆ ವರ್ಷದ ಏಪ್ರಿಲ್ 18ರಂದು. ಹಳತಾಯಿತೆಂದು ಮಾರಾಟಗಾರರು ಬೇಗ ತೆಗೆದಿಡದಿರಲಿ ಎಂದು ಆಗ ತಿಂಗಳನ್ನು ಮುಂದೂಡಿ ಅಚ್ಚು ಹಾಕುತ್ತಿದ್ದರು. 1,000ನೇ ಸಂಚಿಕೆಯೂ 2018ರ ಏಪ್ರಿಲ್ 18ರಂದೇ ಬಂತು, ಸರಿಯಾಗಿ 80 ವರ್ಷಕ್ಕೆ. ಇಲಿನಾಯ್ ರಾಜ್ಯದ ಮೆಟ್ರೊಪೊಲಿಸ್ ಊರಿನ ಸೂಪರ್‌ಮ್ಯಾನ್ ಉತ್ಸವ ಮಾತ್ರ ಸಾಮಾನ್ಯವಾಗಿ ಜೂನ್‌ನಲ್ಲಿ ನಡೆಯುತ್ತದೆ.

ಪ್ರದರ್ಶನದ ವಿಷಯದಲ್ಲಿ ದಯವಿಟ್ಟು ಎಚ್ಚರ ವಹಿಸಿ. ಹಳೆಯ ಕಾಮಿಕ್ಸ್ ಅಚ್ಚಾದದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಅದರಲ್ಲಿನ ಲಿಗ್ನಿನ್ (ಮರದ ನಾರಿನಿಂದ ಬರುವ ವಸ್ತು) ಬೆಳಕು ತಗುಲಿದಷ್ಟೂ ಹಳದಿಯಾಗುತ್ತದೆ, ಆಮ್ಲದಿಂದ ಹಾಳೆ ಪೆಡಸಾಗಿ ಅಂಚು ಮುರಿಯುತ್ತದೆ. ಮಾಸಿದ ಬಣ್ಣ ಮರಳಿ ಬಾರದು. ಅದಕ್ಕೇ ಗೋಡೆಯ ಮೇಲೆ ಬಣ್ಣದ ನಕಲು ಪ್ರತಿ ಇಡುವುದೇ ಸರಿ. ಮೂಲವನ್ನೇ ತೋರಿಸಬೇಕೆಂದರೆ ಪಾಲಿಯೆಸ್ಟರ್ (ಮೈಲಾರ್) ಕವರ್‌ನಲ್ಲಿ, ಆಮ್ಲರಹಿತ ರಟ್ಟಿನ ಆಸರೆ ಕೊಟ್ಟು, ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಒಂದೇ ದಿನ ಇಡಿ. ನೇರ ಬಿಸಿಲು ಬೇಡವೇ ಬೇಡ. ಪಿವಿಸಿ ಕವರ್ ಕಾಲಕ್ರಮೇಣ ಜಿಗುಟಾಗಿ ಶಾಯಿಗೆ ಅಂಟುತ್ತದೆ. ಹರಿದಲ್ಲಿ ಸೆಲ್ಲೋ ಟೇಪ್ ಹಚ್ಚಿದರೆ ಅದರ ಅಂಟು ಕಾಗದದೊಳಗೆ ಇಳಿದು ಕಂದು ಕಲೆ ಉಳಿಯುತ್ತದೆ. ಲ್ಯಾಮಿನೇಷನ್ ಮಾಡಿದರಂತೂ ಪ್ರತಿ ಹಾಳಾದಂತೆಯೇ.

ಇನ್ನೊಂದು: ಮೊದಲ ಸಂಚಿಕೆ ಎಂದು ಯಾರಾದರೂ ತಂದರೆ ಅಳತೆ ನೋಡಿ. ಹೊರ ಹೊದಿಕೆ ಕಿತ್ತ 1974ರ ಮರುಮುದ್ರಣವನ್ನು ಜನ ಮೂಲವೆಂದು ನಂಬಿ ಮೋಸಹೋಗುತ್ತಾರೆ. ಅದು ಮೂಲಕ್ಕಿಂತ ಬಹಳ ದೊಡ್ಡದು, ಸುಮಾರು 10 × 13.5 ಇಂಚು.