ಕುರ್ಚಿ ಕವುಚಿ ಹಾಕಿ ನೋಡಿ

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರ ಹಳೇ ತರವಾಡು ಮನೆ. ಪಾಲಾಗುವಾಗ ಅಟ್ಟದಿಂದ ಎರಡು ಕುರ್ಚಿ ಇಳಿಸಿದೆವು. ಬೆನ್ನು ಮೊಟ್ಟೆ ಆಕಾರ, ಕಾಲು ನೇರ, ಅದರ ಮೇಲೆ ಉದ್ದಕ್ಕೆ ಗೀರು, ಕೂರುವಲ್ಲಿ ಬೆತ್ತದ ಹೆಣಿಗೆ. ಹಳೇ ಸಾಮಾನಿನ ದಲಾಲಿಯೊಬ್ಬರು "ಇದು ಫ್ರಾನ್ಸಿನ ಲೂಯಿ 16ರ ಕಾಲದ್ದು, ಮಾಹೆಯಿಂದ ಬಂದಿರಬೇಕು, ಚಿನ್ನದ ಬಣ್ಣ ಹೊಡೆಸಿ ಮಾರಿಸಿ ಕೊಡುತ್ತೇನೆ, ಖರ್ಚಿಗೆ ಅಡ್ವಾನ್ಸ್ ಕೊಡಿ" ಅನ್ನುತ್ತಾರೆ. ಮರ ಬೀಟಿ ಅಂತ ನಮ್ಮ ಆಚಾರಿ ಹೇಳುತ್ತಾರೆ. ಏನು ಮಾಡೋಣ?

ಉತ್ತರ: ಅಡ್ವಾನ್ಸ್ ಕೊಡಬೇಡಿ. ಆಚಾರಿಗೆ ಒಂದು ಚಾ ಕೊಡಿ, ಅವರು ಹೇಳಿದ್ದೇ ಮುಖ್ಯವಾದ ಮಾತು.

ಲೂಯಿ 16ರ ಕಾಲದ, ಅಂದರೆ 18ನೇ ಶತಮಾನದ ಕೊನೆಯ, ಪ್ಯಾರಿಸ್ ಕುರ್ಚಿಗಳು ಹೆಚ್ಚಾಗಿ ಬೀಚ್ ಅಥವಾ ವಾಲ್‌ನಟ್ ಮರದವು, ಮೇಲೆ ಬಣ್ಣ ಇಲ್ಲವೇ ಚಿನ್ನದ ರೇಕು. ಬೀಟಿ ನಮ್ಮ ಘಟ್ಟದ ಮರ. ಹಾಗಾಗಿ ನಿಮ್ಮದು ಇಲ್ಲೇ ಯಾರೋ ಜಾಣ ಆಚಾರಿ ಮಾದರಿ ನೋಡಿಕೊಂಡು ಮಾಡಿದ ಕುರ್ಚಿ ಇರಬೇಕು. ಮಾಹೆಯಿಂದ ಬಂದಿರಲೂಬಹುದು, 1954ರವರೆಗೆ ಅದು ಫ್ರೆಂಚರ ಕೈಯಲ್ಲೇ ಇತ್ತಲ್ವಾ. ಆದರೆ ಮಾಹೆಯಿಂದ ಬಂದದ್ದೆಲ್ಲ ಪ್ಯಾರಿಸ್‌ನದ್ದಲ್ಲ, ಈ ಮಾದರಿಯದ್ದೆಲ್ಲ ಆ ಕಾಲದ್ದೂ ಅಲ್ಲ. ಫ್ರಾನ್ಸಿನಲ್ಲೇ ಮೂರನೇ ನೆಪೋಲಿಯನ್ ಕಾಲದಲ್ಲಿ, ಅಂದರೆ 1852ರಿಂದ 1870ರವರೆಗೆ, ಇದೇ ಮಾದರಿ ಮತ್ತೆ ಫ್ಯಾಶನ್ ಆಯಿತು, ಅವನ ರಾಣಿ ಯುಜೇನಿಗೆ 16ನೇ ಲೂಯಿಯ ರಾಣಿ ಮಾರಿ ಆಂತ್ವಾನೆತ್ ಅಂದರೆ ಅಷ್ಟು ಅಭಿಮಾನ, ಆಗ ರಾಶಿರಾಶಿ ಕುರ್ಚಿ ತಯಾರಾದವು.

ಈಗ ಕುರ್ಚಿ ಕವುಚಿ ಹಾಕಿ. ಅಸಲಿಯಾದರೆ ಕೂರುವ ಚೌಕಟ್ಟಿನ ಅಡಿಯಲ್ಲಿ ಮಾಡಿದವನ ಹೆಸರಿನ ಮುದ್ರೆ ಇರುವ ಸಾಧ್ಯತೆ ಇದೆ. ಪ್ಯಾರಿಸ್‌ನ ಬಡಗಿಗಳ ಸಂಘ 18ನೇ ಶತಮಾನದ ನಡುವಿನಲ್ಲಿ ಈ ಮುದ್ರೆ ಕಡ್ಡಾಯ ಮಾಡಿತ್ತು, ಜೊತೆಗೆ ಸಂಘದ್ದೇ ಜೆ.ಎಂ.ಇ. ಅನ್ನುವ ಗುರುತು. 1791ರಲ್ಲಿ ಕ್ರಾಂತಿಯವರು ಸಂಘಗಳನ್ನೇ ರದ್ದು ಮಾಡಿದರು. ಕುರ್ಚಿಗೆ ಹೆಸರಾದವನು ಜಾರ್ಜ್ ಜಾಕೋಬ್. ಹಾಗಂತ ಅವನ ಹೆಸರು ಕಂಡ ಕೂಡಲೇ ಕುಣಿಯಬೇಡಿ, ಸುಳ್ಳು ಮುದ್ರೆಯೂ ಬೇಕಾದಷ್ಟಿದೆ. ತುದಿ ಚೂಪಾದ ಸ್ಕ್ರೂ ಇದ್ದರೆ ಅದು 19ನೇ ಶತಮಾನದ ನಡುವಿನ ಆಚೆಗಿನದು, ರಿಪೇರಿಗೆ ಹಾಕಿದ್ದೂ ಆಗಿರಬಹುದು.

ಚಿನ್ನದ ಬಣ್ಣ ಮಾತ್ರ ಖಂಡಿತ ಬೇಡ. ಬೀಟಿಯ ಕಪ್ಪು ಗೆರೆ ಮುಚ್ಚಿ ಮೇಲೆ ಡಬ್ಬಿ ಪೇಂಟ್ ಹೊಡೆಯುವುದಾ? ಬೆತ್ತ ಹರಿದಿದ್ದರೆ ಹೊಸದು ಹೆಣೆಸಿ, ಒರಲೆ ಇದೆಯಾ ನೋಡಿ, ಚಾವಡಿಯಲ್ಲಿಟ್ಟು ಕೂತುಕೊಳ್ಳಿ.

ಪ್ರಶ್ನೆ: ಲೂಯಿ 15, ಲೂಯಿ 16 ಅಂತ ಫರ್ನಿಚರ್ ಅಂಗಡಿಯಲ್ಲಿ ಹೇಳುತ್ತಾರೆ. ನೋಡಿದರೆ ಗೊತ್ತಾಗುತ್ತದಾ? (ಉಪ್ಪಳದ ಓದುಗರು)

ಉತ್ತರ: ಕಾಲು ನೋಡಿ ಸಾಕು. ಆಡಿನ ಹಿಂಗಾಲಿನ ಹಾಗೆ ಬಾಗಿದ್ದರೆ 15. ನೇರವಾಗಿ ಕೆಳಗೆ ಹೋದಂತೆ ಸಪುರವಾದರೆ 16. ನೇರ ಕಾಲಿನ ಮೇಲ್ತುದಿಯಲ್ಲಿ ಒಂದು ಚೌಕ, ಅದರೊಳಗೆ ಒಂದು ಹೂ ಇರುತ್ತದೆ. ಉದ್ದಕ್ಕೆ ಇಳಿಯುವ ಗೀರುಗಳು ರೋಮನ್ ಕಂಬದಿಂದ ಬಂದವು. ಹರ್ಕ್ಯುಲೇನಿಯಂನಲ್ಲಿ 1738ರಲ್ಲಿ, ಪಾಂಪೇಯಲ್ಲಿ 1748ರಲ್ಲಿ ಅಗೆತ ಶುರುವಾಯಿತು, ಬೂದಿಯಡಿಯ ರೋಮನ್ ಊರುಗಳನ್ನು ಕಂಡು ಯುರೋಪಿನವರಿಗೆ ಹುಚ್ಚೇ ಹಿಡಿಯಿತು. ಕೆತ್ತನೆಯಲ್ಲಿ ಕಪ್ಪೆಚಿಪ್ಪು, ವಕ್ರಬಳ್ಳಿ ಹೋಗಿ ಹೂಜಿ, ಎಲೆಯ ಹಾರ, ರಿಬ್ಬನ್ ಗಂಟು ಬಂದವು.

ಒಂದು ತಮಾಷೆ: 16ನೇ ಲೂಯಿ ಪಟ್ಟಕ್ಕೆ ಬಂದದ್ದು 1774ರಲ್ಲಿ, ಅವನ ಹೆಸರಿನ ಮಾದರಿ ಅದಕ್ಕೂ ಮೊದಲೇ ಶುರುವಾಗಿತ್ತು. 15, 16 ಎರಡೂ ಮಾದರಿ ಬೆರೆತ ಸಾಮಾನುಗಳೂ ಇವೆ. ವರ್ಸೇಲ್ಸ್‌ನಲ್ಲಿರುವ 15ನೇ ಲೂಯಿಯ ಮೇಜನ್ನು 1760ರಲ್ಲಿ ಬಡಗಿ ಓಬೆನ್ ಶುರು ಮಾಡಿ ನಡುವೆ ತೀರಿಕೊಂಡ. 1769ರಲ್ಲಿ ಮುಗಿಸಿದ್ದು ಅವನ ಕೈಕೆಳಗಿದ್ದ ರೀಸೆನರ್. ಗುರುವಿನ ಮೇಜು ಮಾತ್ರ ಅಲ್ಲ, ಕಾರ್ಖಾನೆಯೂ ಅವನಿಗೇ ಬಂತು, ವಿಧವೆಯನ್ನೂ ಅವನೇ ಮದುವೆಯಾದ.