ಕುಮಿಹಿಮೊ ಕಲಿಯೋಕೆ ಫೋಮ್ ಡಿಸ್ಕ್ ಸಾಕಾ, ಮರುದಾಯ್ ಬೇಕೇಬೇಕಾ?

ಕುಮಿಹಿಮೊ ಅಂದರೆ ಜಪಾನಿನವರು ಹುರಿ ಹೆಣೆಯುವ ಕಸುಬು. ಅದನ್ನು ಕಲಿಯೋಕೆ ಅಂಚಿನಲ್ಲಿ ಸೀಳುಗಳಿರುವ ಫೋಮ್ ಡಿಸ್ಕಾ, ಮರದ ಪೀಠದಂಥ ಮರುದಾಯಾ ಅಂತ ಕೇಳಿದ್ದೀರಿ. ಡಿಸ್ಕಲ್ಲಿ ಶುರು ಮಾಡಿದರೆ ಕೈ ಕೆಡುತ್ತಾ, ಸೀರೆ ಕುಚ್ಚಿಗೆ ತಂದ ದಾರ ಆಗುತ್ತಾ ಅಂತಲೂ ಕೇಳಿದ್ದೀರಿ. ಎಲ್ಲಕ್ಕೂ ಬರುತ್ತೇನೆ. ಮೊದಲು ನಿಮ್ಮ ಮನೆಯಲ್ಲಿ ತಕ್ಕಡಿ ಇದೆಯಾ ಹೇಳಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಇಲ್ಲದಿದ್ದರೆ ಡಿಸ್ಕಿಗಿಂತ ಮುಂಚೆ ಅದನ್ನು ತನ್ನಿ. ನನಗೆ ಇದನ್ನು ಯಾರೂ ಹೇಳಲಿಲ್ಲ. ಎಂಟು ತಿಂಗಳು ಮತ್ತು ಒಂದು ಕಟ್ಟು ಒಳ್ಳೆ ರೇಷ್ಮೆ ಹಾಳಾಯಿತು.

ಕಂಪನಿ ನನ್ನನ್ನು ಎರಡು ವರ್ಷಕ್ಕೆ ನಗೊಯಾಗೆ ಕಳಿಸಿತ್ತು. ಒಂದು ಶನಿವಾರ ಮಾಡಲು ಕೆಲಸವಿಲ್ಲದೆ ರೈಲು ಹತ್ತಿ ಇಗಾ ಊರಿಗೆ ಹೋದೆ, ನಿಂಜಾ ಮ್ಯೂಸಿಯಂ ನೋಡೋಣ ಅಂತ. ನಿಂಜಾಗಳು ಅರ್ಧ ಗಂಟೆಯಲ್ಲಿ ಬೇಜಾರಾದರು. ಆದರೆ ಒಂದು ಅಂಗಡಿಯಲ್ಲಿ ಹೆಂಗಸೊಬ್ಬರು ಹುರಿ ಹೆಣೆಯುತ್ತಾ ಕೂತಿದ್ದರು. ಅವರ ಎದುರು ಅಷ್ಟೇ ಹೊತ್ತು ನಿಂತುಬಿಟ್ಟೆ. ನಮ್ಮ ಕಡೆ ಹುರಿಯನ್ನು ಹೊಸೆಯುತ್ತಾರೆ. ಅವರು ಜಡೆ ಹಾಕಿದ ಹಾಗೆ ಹೆಣೆಯುತ್ತಾರೆ, ಆದರೆ ಎಂಟು, ಹದಿನಾರು, ಇನ್ನೂ ಹೆಚ್ಚು ಎಳೆಗಳಲ್ಲಿ. ಟಕ್, ಟಕ್ ಅಂತ ಮರಕ್ಕೆ ಮರ ತಾಗುವ ಸದ್ದು. ಹಿಂದೆ ಸಮುರಾಯ್‌ಗಳ ಕವಚದ ತಗಡುಗಳನ್ನು ಕಟ್ಟಿದ್ದು, ಕತ್ತಿಯ ಒರೆಯನ್ನು ಸೊಂಟಕ್ಕೆ ಬಿಗಿದದ್ದು ಇಂಥ ಹುರಿಯಿಂದಲೇ. 1876ರಲ್ಲಿ ಸರ್ಕಾರ ಕತ್ತಿ ಕಟ್ಟಿಕೊಂಡು ಓಡಾಡಬಾರದು ಎಂದಿತು. ಕತ್ತಿ ಹುರಿಯ ಗಿರಾಕಿಗಳು ಹೋದರು. ಆಮೇಲೆ ಈ ಕಸುಬನ್ನು ಉಳಿಸಿದ್ದು ಒಬಿಜಿಮೆ, ಅಂದರೆ ಕಿಮೊನೊದ ಸೊಂಟಪಟ್ಟಿಯ ಮೇಲೆ ಕಟ್ಟುವ ಹುರಿ. ಇಗಾದಲ್ಲಿ 1902ರಲ್ಲಿ ಹಿರೊಸಾವಾ ತೊಕುಸಾಬುರೊ ಎಂಬವರು ತೋಕಿಯೋದಲ್ಲಿ ಕಲಿತು ಬಂದು ಶುರು ಮಾಡಿದರಂತೆ. ಈಗ ಅದು ಊರಿನ ಗುರುತೇ ಆಗಿದೆ.

ನಗೊಯಾಗೆ ವಾಪಸ್ ಬಂದು ಮನೆ ಹತ್ತಿರದ ಶನಿವಾರದ ತರಗತಿಗೆ ಸೇರಿದೆ. ಕಲಿಸುವವರು ಎಪ್ಪತ್ತು ದಾಟಿದ ಅಜ್ಜಿ. ನಾವೆಲ್ಲ 'ಸೆನ್ಸೆ' ಅನ್ನುತ್ತಿದ್ದೆವು. ನಾಲ್ಕು ಕಾಲಿನ ಮೇಲೆ ನಡುವೆ ತೂತಿರುವ ದುಂಡು ಹಲಗೆ, ಅದೇ ಮರುದಾಯ್. ಹಲಗೆಗೆ 'ಕಗಮಿ' ಅನ್ನುತ್ತಾರೆ, ಅಂದರೆ ಕನ್ನಡಿ. ಅಷ್ಟು ನಯ. ದಾರಗಳ ತುದಿಗೆ ಡಮರುವಿನ ಆಕಾರದ 'ತಮಾ' ಎಂಬ ಮರದ ಉಂಡೆಗಳು ಅಂಚಿನಿಂದ ಕೆಳಗೆ ತೂಗಾಡುತ್ತವೆ. ಹೆಣೆದ ಹುರಿ ನಡುವಿನ ತೂತಿನಿಂದ ಕೆಳಗಿಳಿಯುತ್ತದೆ. ಅದರ ಬಾಲಕ್ಕೂ ಒಂದು ಭಾರ ಕಟ್ಟಿರುತ್ತಾರೆ.

ನನ್ನ ತಪ್ಪು ಇದ್ದದ್ದು ಆ ಬಾಲದ ಭಾರದಲ್ಲಿ.

ಬೇರೆಯವರು ಅದಕ್ಕೆ ಬಟ್ಟೆಯ ಚೀಲ ಕಟ್ಟುತ್ತಿದ್ದರು. ಸೆನ್ಸೆ ಮಾತ್ರ 5 ಯೆನ್ ನಾಣ್ಯಗಳನ್ನು ದಾರಕ್ಕೆ ಪೋಣಿಸಿ ಕಟ್ಟುತ್ತಿದ್ದರು. ಆ ನಾಣ್ಯದ ನಡುವೆ ತೂತಿರುತ್ತದೆ. ಒಂದೊಂದರ ತೂಕ 3.75 ಗ್ರಾಂ, ಸರಿಯಾಗಿ ಅವರ ಹಳೇ ಕಾಲದ ಒಂದು ಮೊಮ್ಮೆ. ಇನ್ನೊಂದು ಚಂದ ಅಂದರೆ, ಐದು ಯೆನ್ನಿಗೆ 'ಗೊಎನ್' ಅನ್ನುತ್ತಾರೆ, ನಾವು ಋಣಾನುಬಂಧ ಅನ್ನುತ್ತೇವಲ್ಲ, ಅದಕ್ಕೂ 'ಗೊಎನ್' ಅನ್ನುತ್ತಾರೆ. ನಾನು ಬೆಂಗಳೂರಿಗೆ ಹೊರಟಾಗ ಸೆನ್ಸೆ ಆ ಸರವನ್ನೇ ಬಿಚ್ಚಿ ನನ್ನ ಕೈಗಿಟ್ಟರು. 75 ನಾಣ್ಯ. ಒಟ್ಟು ಸುಮಾರು 280 ಗ್ರಾಂ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಬಾಲದ ಭಾರ: 280".

ಬರೆಯಬೇಕಾಗಿದ್ದದ್ದು ಅದಲ್ಲ. ಅಲ್ಲಿ ನಾವು ಬಳಸುತ್ತಿದ್ದ ತಮಾ ಒಂದೊಂದೂ 70 ಗ್ರಾಂ, ಹೊಟ್ಟೆಯೊಳಗೆ ಸೀಸ ತುಂಬಿದ್ದು. ಎಂಟು ತಮಾ ಅಂದರೆ 560. ಅದರ ಅರ್ಧ 280. ಬರೆಯಬೇಕಾಗಿದ್ದದ್ದು "ಅರ್ಧ" ಎಂಬ ಒಂದೇ ಮಾತು. ನಾನು ಲೆಕ್ಕ ಬಿಟ್ಟು ಉತ್ತರ ಮಾತ್ರ ಬರೆದುಕೊಂಡು ಬಂದೆ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದು ಪ್ರಶ್ನೆಪತ್ರಿಕೆಯೇ ಬೇರೆ ಅಂತ ಆಮೇಲೆ ಗೊತ್ತಾಗುತ್ತಲ್ಲ, ಹಾಗೆ.

ಬೆಂಗಳೂರಿಗೆ ಬಂದ ಮೇಲೆ ನಮ್ಮ ಬೀದಿಯ ಬಡಗಿಯ ಹತ್ತಿರ ಮರುದಾಯ್ ಮಾಡಿಸಿದೆ. ತಮಾಗಳನ್ನು ಚನ್ನಪಟ್ಟಣದಲ್ಲಿ ಕಡೆಸಿದೆ. ಹಾಲೆ ಮರ, ಅರಗಿನ ಬಣ್ಣ, ಕೆಂಪು ನಾಲ್ಕು, ಹಳದಿ ನಾಲ್ಕು. ನೋಡೋಕೆ ಎಷ್ಟು ಮುದ್ದಾಗಿದ್ದವು ಅಂದರೆ ಶೋಕೇಸಲ್ಲಿಟ್ಟರೂ ನಡೆಯುತ್ತಿತ್ತು. ಹಾಲೆ ಮರ ಹಗುರ. ಒಂದೊಂದು 25 ಗ್ರಾಂ. ತೂಗಿದ್ದರೆ ಅವತ್ತೇ ತಿಳಿಯುತ್ತಿತ್ತು. ತೂಗಲಿಲ್ಲ. ಎಂಟು ತಮಾ 200 ಗ್ರಾಂ, ಬಾಲಕ್ಕೆ 280. ತಲೆಗಿಂತ ಬಾಲ ಭಾರ!

ಏನಾಗುತ್ತಿತ್ತು ಗೊತ್ತಾ? ಎರಡು ಎಳೆ ಕೈಗೆತ್ತಿಕೊಂಡ ಕೂಡಲೇ ಹುರಿ ಒಂದು ಬೆರಳಷ್ಟು ತೂತಿನೊಳಗೆ ಜಾರುತ್ತಿತ್ತು. ತಮಾಗಳು ಅಂಚಿಗೆ ಏರಿ ಬಂದು ಕೂರುತ್ತಿದ್ದವು. ನಾನು ಅಂದುಕೊಂಡದ್ದು ರೇಷ್ಮೆ ಜಾರುತ್ತಿದೆ ಅಂತ. ಆಮೇಲೆ ಬಡಗಿಯ ಹಲಗೆ ಸರಿಯಿಲ್ಲ ಅಂತ. ಕೊನೆಗೆ ನನ್ನ ಕೈ ಸಡಿಲ ಅಂತ. ಹಾಗಾಗಿ ಪ್ರತಿ ಸಲವೂ ದಾರವನ್ನು ಕೈಯಲ್ಲೇ ಜಗ್ಗಿ ಬಿಗಿ ಮಾಡತೊಡಗಿದೆ. ಇದು ತಪ್ಪಿನ ಮೇಲೆ ತಪ್ಪು. ಕುಮಿಹಿಮೊದಲ್ಲಿ ಬಿಗಿ ಮಾಡುವುದು ಕೈಯ ಕೆಲಸವಲ್ಲ, ಭಾರದ ಕೆಲಸ. ಕೈ ಬರೀ ಎತ್ತಿ ಇಡಬೇಕು. ಕೈಯಲ್ಲಿ ಜಗ್ಗಿದರೆ ಒಂದು ಕಡೆ ಗಂಟಿನ ಹಾಗೆ, ಇನ್ನೊಂದು ಕಡೆ ಬೆಂದ ಶಾವಿಗೆಯ ಹಾಗೆ ಬರುತ್ತದೆ. ಬಿಚ್ಚಿದೆ, ಮತ್ತೆ ಹೆಣೆದೆ, ಮತ್ತೆ ಬಿಚ್ಚಿದೆ. ಮೂರನೇ ಸಲಕ್ಕೆ ರೇಷ್ಮೆ ಜುಂಜು ಎದ್ದಿತು. ಅದು ಜಪಾನಿನಿಂದ ತಂದ, 2.7 ಮೀಟರ್ ಉದ್ದಕ್ಕೆ ಕತ್ತರಿಸಿದ, ಒಂದು ಒಬಿಜಿಮೆಗೆ ಆಗುವಷ್ಟು ರೇಷ್ಮೆ. ಸೆನ್ಸೆಗೇ ಹೆಣೆದು ಕಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ.

ಹೇಗೋ ಮುಗಿಸಿ ಕಳಿಸಿಯೂ ಬಿಟ್ಟೆ. ಅವರಿಂದ ಪುಟ್ಟ ಕಾರ್ಡ್ ಬಂತು: "ತುಂಬಾ ಮೃದುವಾಗಿದೆ". ಖುಷಿಯಾಗಿ ಫ್ರಿಜ್ಜಿನ ಮೇಲೆ ಅಂಟಿಸಿದೆ. ಒಬಿಜಿಮೆ ಮೃದುವಾಗಿದ್ದರೆ ಕಟ್ಟಿದ ಗಂಟು ನಿಲ್ಲುವುದಿಲ್ಲ, ಅದು ಹೊಗಳಿಕೆಯಲ್ಲ ಅಂತ ಹೊಳೆಯಲು ಇನ್ನೂ ಎರಡು ತಿಂಗಳು ಬೇಕಾಯಿತು.

ಅದು ಹೊಳೆಸಿದವರು ನಮ್ಮ ದೊಡ್ಡಪ್ಪ. ಕಣ್ಣು ತೋರಿಸೋಕೆ ಕುಣಿಗಲ್ ಕಡೆಯಿಂದ ಬಂದು ನಮ್ಮ ಮನೆಯಲ್ಲಿದ್ದರು. ಅಮ್ಮ ಎಂದಿನಂತೆ "ಗಂಡು ಹುಡುಗ ಜಡೆ ಹೆಣೀತಾ ಕೂತಿದಾನೆ ನೋಡಿ ಭಾವಾ" ಅಂದರು. ದೊಡ್ಡಪ್ಪ ಹತ್ತಿರ ಬಂದು ಕೂತು, ಎರಡು ನಿಮಿಷ ನೋಡಿ, ಕೆಳಗೆ ಕೈ ಹಾಕಿ ನಾಣ್ಯದ ಸರವನ್ನು ಅಂಗೈಯಲ್ಲಿ ಎತ್ತಿ ಹಿಡಿದರು. "ಏತಕ್ಕೆ ಕಲ್ಲು ಜಾಸ್ತಿ ಕಟ್ಟಿದೀಯಲ್ಲೋ ಮಗಾ. ಬಾನಿ ಹೆಂಗೆ ಕೆಳಕ್ಕಿಳೀತದೆ?"

ಏತ ನೋಡಿಲ್ಲದವರಿಗೆ: ಬಾವಿಯಿಂದ ನೀರೆತ್ತುವ ಉದ್ದನೆಯ ಮರದ ತೊಲೆ. ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಕಲ್ಲು. ಕಲ್ಲು ಕಡಿಮೆಯಾದರೆ ತುಂಬಿದ ಬಾನಿ ಮೇಲೆ ಬರಲ್ಲ, ಜಾಸ್ತಿಯಾದರೆ ಖಾಲಿ ಬಾನಿ ಕೆಳಗೆ ಹೋಗಲ್ಲ.

ಅವತ್ತು ರಾತ್ರಿ ಅಮ್ಮನ ತಕ್ಕಡಿ ತಂದು ಎಲ್ಲವನ್ನೂ ತೂಗಿದೆ. ನಿಜ ಹೇಳಬೇಕೆಂದರೆ, ಅಷ್ಟು ದಿನ ನಾಣ್ಯ ತೆಗೆದು ನೋಡೋಣ ಅಂತ ಅನಿಸಿದ್ದೂ ಇತ್ತು. ಗುರುಗಳು ಕೊಟ್ಟದ್ದು, ಬಿಚ್ಚಬಾರದು ಅಂತ ಸುಮ್ಮನಿದ್ದೆ. ಬಿಚ್ಚಿದೆ. 48 ತೆಗೆದು 27 ಉಳಿಸಿದೆ, ನೂರು ಗ್ರಾಮಿನಷ್ಟು. ಹುರಿ ತೂತಿನ ನಡುವೆ ಅಲುಗಾಡದೆ ನಿಂತಿತು. ಟಕ್, ಟಕ್ ಸದ್ದು ಒಂದೇ ಲಯದಲ್ಲಿ ಬಂತು.

ಇನ್ನು ನಿಮ್ಮ ಪ್ರಶ್ನೆಗಳು. ಡಿಸ್ಕಿನಿಂದ ಕೈ ಕೆಡುತ್ತೆ ಅನ್ನುವುದು ಒಣ ಜಂಬದ ಮಾತು. ಡಿಸ್ಕಲ್ಲಿ ದಾರವನ್ನು ಹಿಡಿದಿಡುವುದು ಅಂಚಿನ ಸೀಳುಗಳು, ಹಾಗಾಗಿ ಭಾರದ ಪಾಠ ಮಾತ್ರ ಅಲ್ಲಿ ಸಿಗಲ್ಲ. ನಡೆಗಳನ್ನು ಅಲ್ಲೇ ಕಲಿಯಿರಿ. ಕೊಂಗೊ-ಗುಮಿ ಅನ್ನುವ ಎಂಟು ಎಳೆಯ ದುಂಡು ಹೆಣಿಗೆ ಒಂದೇ ಸಾಕು. 32 ಸೀಳಿನ ಡಿಸ್ಕಿನಲ್ಲಿ ನಾಲ್ಕು ದಿಕ್ಕಿಗೂ ಎರಡೆರಡು ಎಳೆ. ಮೇಲಿನ ಜೋಡಿಯ ಬಲ ಎಳೆಯನ್ನು ತಂದು ಕೆಳಗಿನ ಜೋಡಿಯ ಬಲಕ್ಕೆ ಇಡಿ. ಕೆಳಗಿನ ಎಡ ಎಳೆಯನ್ನು ಒಯ್ದು ಮೇಲಿನದರ ಎಡಕ್ಕೆ ಇಡಿ. ಡಿಸ್ಕನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಅಷ್ಟೇ. ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ. ನಡುವೆ ಎದ್ದು ಹೋಗಬೇಕಾದರೆ ಕೆಳಗೆ ಮೂರು ಎಳೆ ಇರುವಾಗ ನಿಲ್ಲಿಸಿ, ವಾಪಸ್ ಬಂದಾಗ ಎಲ್ಲಿದ್ದೆ ಅಂತ ಗೊತ್ತಾಗುತ್ತದೆ. ದಾರವನ್ನು ಬೇಕಾದ ಉದ್ದದ ಮೂರರಷ್ಟು ಕತ್ತರಿಸಿ. ಉಳಿದರೆ ಉಳಿಯಲಿ, ಸಾಲದೆ ಹೋದರೆ ಗಂಟು ಹಾಕೋಕೂ ಆಗಲ್ಲ.

ಮರುದಾಯನ್ನು ದುಡ್ಡು ಕೊಟ್ಟು ತರಿಸಬೇಡಿ, ಈಗಲೇ ಅಂತೂ ಬೇಡ. ನಡುವೆ ತೂತಿರುವ ದುಂಡನೆ ಪ್ಲಾಸ್ಟಿಕ್ ಸ್ಟೂಲ್ ಎಲ್ಲರ ಮನೆಯಲ್ಲೂ ಇರುತ್ತದಲ್ವಾ? ತೂತಿಗೂ ಅಂಚಿಗೂ ಉಪ್ಪುಕಾಗದ ಉಜ್ಜಿ ನಯ ಮಾಡಿ. ನನ್ನ ತಂಗಿ ಕಲಿತದ್ದು ಅದರಲ್ಲೇ. ತಮಾ ಬದಲು ಚಿಕ್ಕ ಔಷಧಿ ಬಾಟಲಿಗಳಿಗೆ ಮರಳು ತುಂಬಿ. ಎಂಟೂ ಒಂದೇ ತೂಕ ಬರುವ ಹಾಗೆ ತೂಗಿ ತುಂಬಿ, ಕಣ್ಣಂದಾಜು ಬೇಡ. ಎಂಟರ ಒಟ್ಟು ತೂಕದ ಅರ್ಧ ಬಾಲಕ್ಕೆ. ಹುರಿ ಇನ್ನೂ ಗಟ್ಟಿ ಬೇಕಾದರೆ ಬಾಲದ ಭಾರ ಸ್ವಲ್ಪ ಇಳಿಸಿ, ಮೆತ್ತಗೆ ಬೇಕಾದರೆ ಸ್ವಲ್ಪ ಏರಿಸಿ. ಇದು ಮೊದಮೊದಲು ಉಲ್ಟಾ ಅನ್ನಿಸುತ್ತದೆ.

ಕುಚ್ಚಿನ ದಾರ ಈಗ ಬೇಡ. ಅಂಗಡಿಯವರು ರೇಷ್ಮೆ ಅಂದರೂ ಅದರಲ್ಲಿ ಬಹಳಷ್ಟು ರೇಯಾನ್. ತುಂಬಾ ಜಾರುತ್ತದೆ, ಕೈಯ ಒರಟಿಗೆ ಸಿಕ್ಕಿಕೊಳ್ಳುತ್ತದೆ. ಕ್ರೋಶಾದ ಹತ್ತಿ ದಾರ ತನ್ನಿ, ಎರಡು ಬಣ್ಣ ಸಾಕು. ತಪ್ಪು ಎಲ್ಲಾಯಿತು ಅಂತ ಎದ್ದು ಕಾಣುತ್ತದೆ.

ತೆಗೆದ 48 ನಾಣ್ಯ ಈಗ ಮಗಳ ಡಬ್ಬಿಯಲ್ಲಿವೆ, ಚೌಕಾಬಾರಕ್ಕೆ ಕಾಯಿ ಮಾಡಿಕೊಂಡಿದ್ದಾಳೆ. ಸೆನ್ಸೆಗೆ ಎರಡನೇ ಒಬಿಜಿಮೆ ಹೋದ ತಿಂಗಳು ಕಳಿಸಿದೆ. ಕಾರ್ಡ್ ಇನ್ನೂ ಬಂದಿಲ್ಲ.