ದಿನಕ್ಕೊಂದು ಮೊಳ ದಾರ

ನೀವು ಕೇಳಿದ್ದು ಎರಡು ಪ್ರಶ್ನೆ. ಮದುವೆಗೆ ಮುಂಚೆ ಕಸೂತಿ ಹಾಕ್ತಿದ್ರಿ, ಈಗ ಕೆಲಸ, ಇಬ್ಬರು ಮಕ್ಕಳು, ಆರು ವರ್ಷದಿಂದ ಸೂಜಿ ಮುಟ್ಟಿಲ್ಲ, ಸಮಯ ಎಲ್ಲಿಂದ ತರೋದು ಅಂತ ಒಂದು. ಅಕ್ಕಪಕ್ಕ ಇದರ ಹುಚ್ಚಿರೋರು ಯಾರೂ ಇಲ್ಲ, ಆನ್‌ಲೈನ್‌ನಲ್ಲಿ ಜೊತೆ ಸಿಗುತ್ತಾ ಅಂತ ಇನ್ನೊಂದು. ಜೊತೆ ಸಿಗುತ್ತೆ. ಆದರೆ ಸಮಯದ ಮಾತು ಮುಗಿಸಿ ಅದಕ್ಕೆ ಬರ್ತೀನಿ.

ನಾನು ದಾವಣಗೆರೆಯವಳು. ನಿಟ್ಟುವಳ್ಳಿಯಲ್ಲಿ ಮನೆ, ಹರಿಹರದ ಆಚೆ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಪಾಠ. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಆರಕ್ಕೆ ವಾಪಸ್. "ಬಸ್ಸಲ್ಲಿ ಕೂತು ಹಾಕಬಹುದಲ್ಲ" ಅಂತ ಸಲಹೆ ಕೊಡೋರು ಬೇಕಾದಷ್ಟು ಜನ ಸಿಗ್ತಾರೆ. ಹಾಕಿ ನೋಡಿದೀನಿ. ಒಂದು ಹಂಪ್ ಸಾಕಾಯ್ತು, ಸೂಜಿ ಹೆಬ್ಬೆರಳಿಗೆ ಇಳಿದು ಬಿಳಿ ಮ್ಯಾಟಿ ಬಟ್ಟೆ ಮೇಲೆ ರಕ್ತದ ಚುಕ್ಕೆ ಬಿತ್ತು. ಪಕ್ಕದ ಸೀಟಿನ ಅಜ್ಜಿ "ನಿನ್ನ ಎಂಜಲೇ ಹಚ್ಚವ್ವಾ, ಹೋಗ್ತತಿ" ಅಂದ್ರು. ಹಚ್ಚಿದೆ, ನಿಜಕ್ಕೂ ಹೋಯ್ತು. ಆದರೆ ಅವತ್ತಿಗೆ ಬಸ್ಸಿನ ಕಸೂತಿಯೂ ಹೋಯ್ತು.

ನನ್ನ ದೊಡ್ಡ ತಪ್ಪು ಬಸ್ಸಿಂದಲ್ಲ, ಭಾನುವಾರದ್ದು. ಭಾನುವಾರ ಎರಡು ತಾಸು ಕೂತು ಹಾಕ್ತೀನಿ ಅಂದುಕೊಂಡು ಮೂರು ವರ್ಷ ಕಳೆದೆ. ಭಾನುವಾರ ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಮಕ್ಕಳ ತಲೆಸ್ನಾನ, ವಾರದ ಹಿಟ್ಟು, ಯಾರದೋ ಮನೆಯ ಸೀಮಂತ. ಎರಡು ತಾಸು ಖಾಲಿ ಸಿಗೋವರೆಗೂ ಮುಟ್ಟಬಾರದು ಅಂತ ನಾನೇ ಶಪಥ ಮಾಡಿದ ಹಾಗಾಗಿ, ಅರ್ಧ ಹಾಕಿದ ಗೋಪುರದ ಕಸೂತಿ ಬೀರುವಿನಲ್ಲೇ ಮಲಗಿತ್ತು.

ಅದನ್ನ ಹೊರಗೆ ತೆಗೆಸಿದ್ದು ನಮ್ಮತ್ತೆ. ಅವರ ತವರು ಗದಗದ ಕಡೆ, ಚಿಕ್ಕಂದಿನಲ್ಲಿ ಚಂದ್ರಕಾಳಿ ಅನ್ನೋ ಕಪ್ಪು ಸೀರೆಯ ಸೆರಗಿಗೆ ಕಸೂತಿ ಹಾಕ್ತಿದ್ದ ಮನೆ. "ತಾಸು ಯಾಕ ಎಣಸ್ತೀಯವ್ವಾ? ನಾವು ದಾರ ಎಣಸ್ತಿದ್ವಿ. ಒಂದು ಮೊಳ ಹರಕೋ, ಅದು ಮುಗಿದ್ರ ಎದ್ದುಬಿಡು" ಅಂದ್ರು. ಮೊಳ ಅಂದ್ರೆ ಮೊಣಕೈಯಿಂದ ನಡುಬೆರಳ ತುದಿವರೆಗೆ, ಹೆಚ್ಚು ಕಡಿಮೆ 18 ಇಂಚು. ಅದಕ್ಕಿಂತ ಉದ್ದ ತಗೊಂಡ್ರೆ ದಾರ ಗಂಟಾಗುತ್ತೆ, ಬಟ್ಟೆಯೊಳಗೆ ಹೋಗಿ ಬಂದು ಸವೆದು ಹೊಳಪೂ ಹೋಗುತ್ತೆ. ನನ್ನ ಕೈಗೆ ಒಂದು ಮೊಳ ದಾರ ಮುಗಿಯೋಕೆ ಸುಮಾರು ಇಪ್ಪತ್ತು ನಿಮಿಷ ಬೇಕು. ರಾತ್ರಿ ಅಡಿಗೆಮನೆ ಒರೆಸಿ ಆದಮೇಲೆ ದಿನಕ್ಕೊಂದು ಮೊಳ. ಅಷ್ಟೇ ನನ್ನ ಟೈಮ್‌ಟೇಬಲ್.

ಲೆಕ್ಕದ ಮೇಡಂ ಅಲ್ವಾ, ಲೆಕ್ಕ ಹಾಕದೆ ಇರೋಕಾಗಲ್ಲ. ಅಂಗಡಿಯಲ್ಲಿ ಸಿಗೋ ಆಂಕರ್ ದಾರದ ಒಂದು ಲಡಿ 8 ಮೀಟರ್, ಅದರೊಳಗೆ 6 ಎಳೆ. ಮೊಳಕ್ಕೊಂದರಂತೆ ಕತ್ತರಿಸಿದ್ರೆ 17 ತುಂಡು. ಒಂದೊಂದನ್ನೂ ಎರಡೆರಡು ಎಳೆಯಾಗಿ ಬಿಡಿಸಿದ್ರೆ ಮೂರು ಪಾಲು. ಅಲ್ಲಿಗೆ 51 ದಿನಕ್ಕೆ ಒಂದು ಲಡಿ. ನನಗೆ ಮೊದಲ ಲಡಿ ಖಾಲಿಯಾದ ದಿನ ಆದ ಖುಷಿ, ಗೋಪುರ ಮುಗಿದಾಗಲೂ ಆಗಲಿಲ್ಲ.

ಒಂದು ವಿಷಯ ಕೇಳಬೇಕಿತ್ತು. ನಮ್ಮ ಊರ ಕಡೆ ಯಾವ ಎಂಬ್ರಾಯ್ಡರಿಗೂ ಕಸೂತಿ ಅಂತಲೇ ಅಂತಾರೆ. ನೀವು ಹಾಕ್ತಿದ್ದದ್ದು ಕಾರ್ಬನ್ ಹಾಳೆಯಲ್ಲಿ ಹೂವು ಅಚ್ಚು ಮಾಡಿ, ಚೈನ್ ಸ್ಟಿಚ್, ಲೇಜಿ ಡೇಸಿ ಅಂತ ಆಗಿದ್ರೆ ನಿಮ್ಮ ಕಷ್ಟ ಅರ್ಧ. ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು, ಕುಕ್ಕರ್ ಕೂಗಿದ್ರೆ ಎದ್ದು ಹೋಗಬಹುದು. ಧಾರವಾಡದ ಕಡೆಯ, ಬಟ್ಟೆಯ ಎಳೆ ಎಣಿಸಿ ಹಾಕೋ ಕಸೂತಿ ಆಗಿದ್ರೆ ಮಾತು ಬೇರೆ. ಅದರಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಹೋಗ್ತಾ ಒಂದು ಬಿಟ್ಟು ಒಂದು ಹೊಲಿದು, ಬರ್ತಾ ಬಿಟ್ಟಿದ್ದನ್ನ ತುಂಬಬೇಕು. ಗಂಟು ಹಾಕೋ ಹಾಗಿಲ್ಲ, ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಮಧ್ಯದಲ್ಲಿ ಎದ್ದರೆ ಮಾರನೇ ದಿನ ದಾರ ಯಾವ ಕಡೆ ಹೊರಟಿತ್ತು ಅನ್ನೋದೇ ಮರೆತಿರುತ್ತೆ. ಎಷ್ಟೋ ಜನ ಕಸೂತಿ ಬಿಡೋದು ಸಮಯ ಇಲ್ಲ ಅಂತಲ್ಲ, ಈ ದಾರಿ ತಪ್ಪೋ ಕಾಟಕ್ಕೆ ಅಂತ ನನಗನ್ನಿಸುತ್ತೆ.

ಇದಕ್ಕೆ ಮದ್ದು ಸಿಕ್ಕಿದ್ದು ಕ್ಲಾಸಿನಲ್ಲೇ. ಪೆನ್ಸಿಲ್ ಎತ್ತದೆ, ಬರೆದ ಗೆರೆ ಮೇಲೆ ಮತ್ತೆ ಬರೆಯದೆ ಮನೆ ಚಿತ್ರ ಬಿಡಿಸೋ ಒಗಟು ಮಕ್ಕಳಿಗೆ ಗೊತ್ತಿರುತ್ತಲ್ಲ, ಅದರ ಹಿಂದಿರೋದು ಆಯ್ಲರ್ ಅನ್ನೋ ಗಣಿತಜ್ಞ 1736ರಲ್ಲಿ ಬಿಡಿಸಿದ ಏಳು ಸೇತುವೆಗಳ ಲೆಕ್ಕ: ಒಂದೊಂದು ಸೇತುವೆಯನ್ನೂ ಒಂದೇ ಸಲ ದಾಟಿ ಏಳನ್ನೂ ಮುಗಿಸೋಕೆ ಆಗುತ್ತಾ ಅನ್ನೋದು. ಕೆಲವು ಚಿತ್ರ ಹಾಗೆ ಬಿಡಿಸೋಕೆ ಬರಲ್ಲ. ಆದರೆ ಪ್ರತಿ ಗೆರೆಯನ್ನೂ ಎರಡೆರಡು ಸಲ ತುಳಿಯಬಹುದು ಅಂದ್ರೆ, ಬಿಡಿಬಿಡಿಯಾಗಿಲ್ಲದ ಯಾವ ಚಿತ್ರವಾದ್ರೂ ಸರಿ, ಹೊರಟಲ್ಲಿಗೇ ಬಂದು ಸೇರುತ್ತೆ. ಗವಂತಿ ಮಾಡೋದು ಅದನ್ನೇ! ಆಯ್ಲರ್ ಹೆಸರು ಕೇಳದ ನಮ್ಮತ್ತೆಯ ನಿಯಮವೂ ಅದೇ: "ಕವಲು ಬಂತಂದ್ರ ಮೊದಲ ಕವಲಿಗೆ ಹೋಗಿ ಬಂದುಬಿಡು, ಆಮೇಲೆ ಮುಂದಿನ ದಾರಿ." ಹಾಗೆ ಮಾಡಿದ್ರೆ ಆ ಕವಲು ಅಲ್ಲಿಗೆ ಎರಡೂ ಬದಿಗೆ ಪೂರ್ತಿ. ಒಂದು ಸಣ್ಣ ಕವಲು ಒಂದು ಮೊಳಕ್ಕೆ ಮುಗಿಯುತ್ತೆ. ನಾನು ಮಗನ ಗ್ರಾಫ್ ಪುಸ್ತಕದಲ್ಲಿ ಚಿತ್ರ ಬರೆದು, ಹೋಗೋ ದಾರಿಗೆ ಬಾಣ ಹಾಕಿ, ರಾತ್ರಿ ಎಲ್ಲಿ ನಿಲ್ಲಿಸ್ತೀನೋ ಅಲ್ಲೊಂದು ಚುಕ್ಕೆ ಇಡ್ತೀನಿ. ಮಾರನೇ ದಿನ ಹುಡುಕೋ ಐದು ನಿಮಿಷ ಉಳಿಯುತ್ತೆ. ಇಪ್ಪತ್ತರಲ್ಲಿ ಐದು ಅಂದ್ರೆ ಕಾಲು ಭಾಗ, ಸಣ್ಣದಲ್ಲ.

ಕಣ್ಣಿನ ವಿಷಯಕ್ಕೆ ಒಂದು ಮಾತು. ರಾತ್ರಿ ಕಪ್ಪು ಬಟ್ಟೆ ಮೇಲೆ ಎಳೆ ಎಣಿಸೋದಾದ್ರೆ ಮಡಿಲಲ್ಲಿ ಒಂದು ಬಿಳಿ ಟವೆಲ್ ಹಾಸ್ಕೊಳ್ಳಿ. ಸಂದಿಯಿಂದ ಬಿಳುಪು ಕಂಡು ಎಳೆ ಬಿಡಿಯಾಗಿ ಕಾಣುತ್ತೆ. ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲಿ ಮಾತ್ರ ಕೂರಬೇಡಿ. ದಾವಣಗೆರೆಯಲ್ಲಿ ಈ ನಿಯಮ ಪಾಲಿಸೋದು ಎಷ್ಟು ಕಷ್ಟ ಅಂತ ಬೇರೆ ಊರಿನವರಿಗೆ ಅರ್ಥ ಆಗಲ್ಲ.

ಈಗ ಜೊತೆಯ ಮಾತು. ನಾನೂ ಮೊದಲು ಫೇಸ್‌ಬುಕ್ಕಿನ ಸಾವಿರಾರು ಜನರ ಗುಂಪುಗಳಿಗೆ ಸೇರಿದ್ದೆ. ಫೋಟೋ ಹಾಕಿದ್ರೆ ನಲವತ್ತು "ಸೂಪರ್", ಹತ್ತು "ರೇಟ್ ಎಷ್ಟು ಮೇಡಂ". ಮಾರೋರನ್ನ ದೂರ್ತಿಲ್ಲ, ಬ್ಲೌಸ್ ವರ್ಕ್, ಸೀರೆ ಕುಚ್ಚು ಹಾಕಿ ಮನೆ ನಡೆಸೋರು ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ಆ ಗುಂಪುಗಳಲ್ಲಿ ಎಲ್ಲರದ್ದೂ ಮುಗಿದ ಕೆಲಸ, ಎಲ್ಲರದ್ದೂ ಚಂದ. ನೋಡ್ತಾ ನೋಡ್ತಾ ನನ್ನ ಇಪ್ಪತ್ತು ನಿಮಿಷ ಫೋನಿನಲ್ಲೇ ಕರಗೋದು, ಮೇಲೆ ಬೇಜಾರು ಬೇರೆ. ಮೂರು ಸಾವಿರ ಕಟ್ಟಿ ಒಂದು ಆನ್‌ಲೈನ್ ಕ್ಲಾಸಿಗೂ ಸೇರಿದೆ. ಎರಡು ವಿಡಿಯೋ ಬಂದವು, ಆಮೇಲೆ ಕಲಿಸೋರೇ ನಾಪತ್ತೆ. ದುಡ್ಡು ಮೊದಲೇ ಪೂರ್ತಿ ಕಟ್ಟಬೇಡಿ.

ಕೊನೆಗೆ ಒಂದು ದಿನ ಸಿಟ್ಟಿಗೆ, ನನ್ನ ಗೋಪುರದ ಹಿಂಬದಿಯ ಫೋಟೋ ಹಾಕಿ, ಇಲ್ಲಿ ದಾರ ಯಾಕೆ ಅಡ್ಡ ಬಂದಿದೆ ಅಂತ ಕೇಳಿದೆ. "ಸೂಪರ್" ಒಂದೂ ಬರಲಿಲ್ಲ. ನಾಲ್ಕು ಜನ ಮಾತ್ರ ಬಂದ್ರು, ನಾಲ್ವರೂ ಎಳೆ ಎಣಿಸಿ ಉತ್ತರ ಕೊಟ್ರು. ಅವರನ್ನೇ ಸೇರಿಸಿ ವಾಟ್ಸಾಪ್ ಗುಂಪು ಮಾಡಿದೆ, ಈಗ ಹನ್ನೊಂದು ಜನ ಇದ್ದೀವಿ. ಒಬ್ಬರು ಹೊಸದುರ್ಗದ ನರ್ಸ್, ಒಬ್ಬರು ಪುಣೆಯಲ್ಲಿರೋ ಹುಬ್ಬಳ್ಳಿ ಹುಡುಗಿ, ಒಬ್ಬರು ನ್ಯಾಮತಿ ಕಡೆಯ ತಾಂಡಾದವರು. ಅವರದ್ದು ಕನ್ನಡಿ, ಕವಡೆ ಕೂರಿಸೋ ಲಂಬಾಣಿ ಕೆಲಸ. ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದಲ್ಲಿ ಲಂಬಾಣಿ ಸಂತ ಸೇವಾಲಾಲ್ ಜಯಂತಿ ಬರೋ ಹೊತ್ತಿಗೆ ಮಗಳ ಲಂಗ ಮುಗೀಬೇಕು ಅಂತ ಅವರು ಓಡೋದು ನೋಡಿದ್ರೆ ನಮಗೆಲ್ಲ ಕೈ ಚುರುಕಾಗುತ್ತೆ.

ನಮ್ಮಲ್ಲಿ ನಿಯಮ ಎರಡೇ. ಮುಂಬದಿ ಫೋಟೋ ಹಾಕಿದ್ರೆ ಹಿಂಬದಿಯದ್ದೂ ಹಾಕಬೇಕು. ಇದೂ ಅತ್ತೆ ಮಾತೇ, "ಮುಂದ ಎಲ್ಲಾರ್ದೂ ಚಂದನ ಇರ್ತೈತಿ". ಎರಡನೇದು, ಗ್ರೂಪಿನಲ್ಲಿ ರೇಟ್ ಕೇಳೋ ಹಾಗಿಲ್ಲ. ಒಂದು ಸಣ್ಣ ಸೂಚನೆ: ವಾಟ್ಸಾಪ್ ಫೋಟೋವನ್ನ ಕುಗ್ಗಿಸುತ್ತೆ, ಎಳೆ ಕಲಸಿಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಎಣಿಸೋ ಹಾಗೆ ಬರುತ್ತೆ.

ಗುರುವಾರ ರಾತ್ರಿ ಒಂಬತ್ತೂವರೆಗೆ ಜೂಮ್‌ನಲ್ಲಿ ಸೇರ್ತೀವಿ. ಕ್ಯಾಮೆರಾ ಮುಖಕ್ಕಲ್ಲ, ಕೈಗೆ. ಹಾಗಾಗಿ ನೈಟಿಯಲ್ಲಿದ್ರೂ, ತಲೆ ಕೆದರಿದ್ರೂ ಚಿಂತೆ ಇಲ್ಲ. ಉಚಿತ ಖಾತೆ ನಲವತ್ತು ನಿಮಿಷಕ್ಕೆ ತಾನೇ ಕಟ್ ಆಗುತ್ತೆ. ದುಡ್ಡು ಹಾಕಿ ಉದ್ದ ಮಾಡೋಣ ಅಂತ ಒಮ್ಮೆ ಮಾತು ಬಂತು, ಬೇಡವೇ ಬೇಡ ಅಂದ್ವಿ. ಕಟ್ ಆಗದಿದ್ರೆ ಹೆಂಗಸರ ಮಾತು ಹನ್ನೆರಡಕ್ಕೂ ನಿಲ್ಲಲ್ಲ. ನಲವತ್ತು ನಿಮಿಷ ಅಂದ್ರೆ ಎರಡು ಮೊಳ. ಅಷ್ಟರೊಳಗೆ ಮುಗಿಸಬೇಕು ಅಂತ ಮಾತಾಡೋದು ಕಡಿಮೆಯೇ. ಯಾರದೋ ಮನೆಯ ಫ್ಯಾನ್ ಸದ್ದು, ಯಾರದೋ ಮಗು ಕೆಮ್ಮು, ನಡುನಡುವೆ "ಅಯ್ಯೋ, ಒಂದೆಳೆ ತಪ್ಪಿದೆ" ಅಂತ ಒಂದು ದನಿ.

ಹಾಗಾಗಿ ನೀವೂ ದೊಡ್ಡ ಗುಂಪಿಗೆ ಹೋಗಿ, ಆದರೆ ಅಲ್ಲೇ ಉಳಿಯೋಕೆ ಹೋಗಬೇಡಿ. ಕೆಟ್ಟಿರೋದನ್ನ ತೋರಿಸಿ, ಉತ್ತರ ಕೊಟ್ಟ ಮೂರ್ನಾಲ್ಕು ಜನರನ್ನ ಹಿಡ್ಕೊಳ್ಳಿ. ಆರು ವರ್ಷದ ಹಿಂದೆ ನಿಲ್ಲಿಸಿದ ದೊಡ್ಡ ಕೆಲಸವನ್ನ ಈಗಲೇ ಹೊರತೆಗೀಬೇಡಿ, ಅದನ್ನ ನೋಡಿದ್ರೆ ಸೋತ ಹಾಗಾಗುತ್ತೆ. ಕರವಸ್ತ್ರದ ಮೂಲೆಗೆ ಒಂದು ತುಳಸಿಕಟ್ಟೆ ಸಾಕು, ನನಗೆ ಅದಕ್ಕೆ ಒಂಬತ್ತು ಮೊಳ ಹಿಡಿದಿತ್ತು. ಕೆಂಪು ದಾರ ಆದ್ರೆ ಹಾಕೋಕೆ ಮುಂಚೆ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ, ಬಣ್ಣ ಬಿಡುತ್ತಾ ಅಂತ. ನನ್ನ ಒಂದು ದುಪಟ್ಟಾ ಹಾಗೇ ಹಾಳಾಗಿದ್ದು.

ಇವತ್ತು ಗುರುವಾರ, ಒಂಬತ್ತು ಇಪ್ಪತ್ತಾಯ್ತು. ಅಂಬಾರಿ ಆನೆಯ ಸೊಂಡಿಲ ಹತ್ತಿರ ನಿನ್ನೆ ಒಂದು ಕವಲು ಬಿಟ್ಟು ಮುಂದೆ ಹೋಗಿಬಿಟ್ಟಿದ್ದೀನಿ, ಅದನ್ನ ಬಿಚ್ಚಬೇಕು.